ಬುಧವಾರ ಅಂಗಾತವಾಗಿದ್ದ ಹಾಸು

ಮ್ಯೂಸಿಯಮ್ಮಿನ ಹುಡುಗಿ ಅಂಗೈಯಗಲದ ಒಂದು ಕಾರ್ಡು ಕೊಟ್ಟು ಹೋಗಿದ್ದಾಳೆ. "ಹಿಲ್ಡಾ ಅಜ್ಜಿ, ಈ ನೆಲಹಾಸಿನ ಬಗ್ಗೆ ಐದು ಸಾಲು ಬರೆದುಕೊಡಿ, ಗೋಡೆಗೆ ಹಾಕ್ತೀವಿ. ದೊಡ್ಡವರ ಕಥೆ ಎಲ್ಲಾ ಸಾಕು, ಈ ಸಲ ಕೆನಡಾದ ಚರಿತ್ರೆನ ಮನೆ ಸಾಮಾನಿಂದ ಹೇಳೋಣ ಅಂತಿದೀವಿ" ಅಂದಳು. ಒಳ್ಳೆಯ ಹುಡುಗಿ. ನನ್ನ ಗಂಡನ ಎಣ್ಣೆಬಟ್ಟೆಯ ಕೋಟು, ಮೀನು ಸೀಳುವ ಚಾಕು, ತಳ ಮಸಿಯಾದ ಕೆಟಲು, ಎಲ್ಲವನ್ನೂ ಹಸುಗೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದಳು. ಹಾಸಿನ ಬಗ್ಗೆ ಕಾರ್ಡಿನಲ್ಲಿ ಅವಳೇ ಎರಡು ಸಾಲು ಮೊದಲೇ ಬರೆದಿಟ್ಟಿದ್ದಳು. ಡಾಗ್‌ಬೆರಿ ಕೋವ್ ಊರಿನ ಹೆಂಗಸರು ಹೆಣೆದದ್ದು, 1967. ಅದೇ ವರ್ಷ ಊರಿನವರೆಲ್ಲ ಒಮ್ಮತದಿಂದ ಊರು ಬಿಟ್ಟರು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಒಮ್ಮತವಂತೆ! ಎಂಬತ್ತೊಂದು ವರ್ಷದ ಮುದುಕಿಗೆ ಐದು ಸಾಲು ಸಾಲದು. ಕಾರ್ಡನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟು, ಮೊಮ್ಮಗಳ ನೋಟ್‌ಬುಕ್ ಎಳೆದುಕೊಂಡಿದ್ದೇನೆ.

ಆ ಹಾಸಿನ ಚಿತ್ರ ಬರೆದವಳು ಡ್ರುಸಿಲಾ ಡರ್ನ್‌ಫರ್ಡ್. ನನಗಿಂತ ಹದಿನೇಳು ವರ್ಷ ದೊಡ್ಡವಳು, ನಮಗೆಲ್ಲ ಡ್ರೂ ಅಕ್ಕ. ಎತ್ತರದ ಆಳು, ಕಂಚಿನ ಕಂಠ. ಮಂಜು ಕವಿದು ದೋಣಿಗಳಿಗೆ ದಡ ಕಾಣದಾದಾಗ ಊರಿನ ಗಂಡಸರು ತುತ್ತೂರಿ ಊದುವ ಬದಲು ಅವಳನ್ನೇ ಬಂಡೆಯ ಮೇಲೆ ನಿಲ್ಲಿಸುತ್ತಿದ್ದರು. ಅವಳ ಗಂಡ ಎಲೈ ಒಂದು ಸೆಪ್ಟೆಂಬರಿನಲ್ಲಿ ಕಡಲಿಗೆ ಹೋದವನು ಬರಲಿಲ್ಲ, ದೇಹವೂ ಸಿಗಲಿಲ್ಲ. ಮಕ್ಕಳಿರಲಿಲ್ಲ. ಇದ್ದದ್ದು ಎಲೈ ಕಟ್ಟಿದ ಮನೆ, ಮತ್ತು ಮನೆಯ ಹಿಂದೆ ಆಲೂಗಡ್ಡೆಯ ಒಂದು ತುಂಡು ನೆಲ.

ಆ ನೆಲದ ವಿಷಯ ಹೇಳಲೇಬೇಕು. ನಮ್ಮ ಊರು ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ಕರಾವಳಿಯಲ್ಲಿ, ಬರೀ ಬಂಡೆ. ಗೋರಿ ತೋಡಲೂ ಜಾಗ ಹುಡುಕಬೇಕು. ಡ್ರೂ ಅಕ್ಕ ಮತ್ತು ಎಲೈ ಮದುವೆಯಾದ ವರ್ಷದಿಂದ ಬಕೆಟ್ಟಿನಲ್ಲಿ ಜೌಗುಮಣ್ಣು ಹೊತ್ತು, ಅದರ ಮೇಲೆ ಕಡಲಪಾಚಿ ಹರಡಿ, ಬೇಸಿಗೆಯಲ್ಲಿ ದಡಕ್ಕೆ ಬಂದು ಬೀಳುವ ಸಣ್ಣ ಮೀನುಗಳನ್ನು ಹೂತು, ಇಪ್ಪತ್ತು ವರ್ಷದಲ್ಲಿ ಮೊಣಕಾಲುದ್ದ ಕಪ್ಪು ಮಣ್ಣು ಮಾಡಿದ್ದರು. ಅವನು ಹೋದ ಮೇಲೂ ಅವಳು ಬಿಡಲಿಲ್ಲ. "ಮನೆ ಮರದ್ದು, ಎಲ್ಲಿಗಾದ್ರೂ ತೇಲಿಸ್ಕೊಂಡು ಹೋಗ್ಬಹುದು. ಈ ಮಣ್ಣು ಮಾತ್ರ ಎಲ್ಲಿಗೂ ಬರಲ್ಲ ಕಣೆ" ಅನ್ನುತ್ತಿದ್ದಳು.

ಚಳಿಗಾಲ ಬಂತೆಂದರೆ ಹೆಂಗಸರಿಗೆಲ್ಲ ಹಾಸಿನ ಕೆಲಸ. ಗೋಣಿತಟ್ಟನ್ನು ಮರದ ಚೌಕಟ್ಟಿಗೆ ಬಿಗಿದು, ಹಳೆಯ ಬಟ್ಟೆಯ ಪಟ್ಟಿಗಳನ್ನು ಕೊಕ್ಕೆಯಿಂದ ಕೆಳಗಿನಿಂದ ಮೇಲಕ್ಕೆ ಎಳೆಯುವುದು. ಗೋಣಿಯ ಮೇಲೆ ಚಿತ್ರ ಬರೆಯುವುದು ಎಲ್ಲರ ಕೈಗೂ ಬರುವುದಿಲ್ಲ. ನಾನು ಒಂದು ಸಲ ಹಡಗು ಬರೆಯಲು ಹೋದೆ, ನನ್ನ ಅತ್ತೆ "ಹಂದಿ ಚೆನ್ನಾಗಿದೆ" ಅಂದರು. ಡ್ರೂ ಅಕ್ಕ ಒಲೆಯಿಂದ ಸುಟ್ಟ ಕಡ್ಡಿ ತೆಗೆದು, ಅಳತೆ ಗಿಳತೆ ಏನಿಲ್ಲದೆ ಒಂದೇ ಉಸಿರಿಗೆ ಬರೆದುಬಿಡುತ್ತಿದ್ದಳು. ಊರಿನ ಹದಿನಾಲ್ಕು ಮನೆಗಳ ಅಡುಗೆಮನೆಯಲ್ಲೂ ನಮ್ಮ ಕಾಲ ಕೆಳಗೆ ಇದ್ದದ್ದು ಅವಳ ಗೆರೆಯೇ.

ಇನ್ನೊಂದು ಕ್ರಮವಿತ್ತು. ವಾರವೆಲ್ಲ ಹಾಸನ್ನು ಬೋರಲು ಹಾಕುತ್ತಿದ್ದೆವು. ಕೊಳೆ, ಬೂಟಿನ ಉಪ್ಪು, ಮೀನಿನ ಹುರುಪೆ ಎಲ್ಲ ಬೆನ್ನಿನ ಮೇಲೆ ಬೀಳಲಿ ಎಂದು. ಶನಿವಾರ ಸಂಜೆ ನೆಲ ತಿಕ್ಕಿ ತೊಳೆದ ಮೇಲೆ ಅಂಗಾತ ಮಾಡುವುದು, ಸೋಮವಾರ ಬೆಳಗ್ಗೆ ಮತ್ತೆ ಬೋರಲು. ನಡುವೆ ಅಂಗಾತವಾಗುವುದು ಪಾದ್ರಿ ಬಂದರೆ, ಡಾಕ್ಟರು ಬಂದರೆ, ಹೊರಗಿನವರು ಯಾರಾದರೂ ಬಂದರೆ. ಬಾಗಿಲು ತಟ್ಟುವವರೂ ಅವರೇ. ಊರಿನವರು ಯಾರೂ ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ, ಸುಮ್ಮನೆ ಒಳಗೆ ಬಂದು ಬೆಂಚಿನ ಮೇಲೆ ಕೂರುವುದೇ. ನಮ್ಮವರಿಗೆ ಬೋರಲು ಹಾಸು ಸಾಕು.

ಸರ್ಕಾರದ ಕಾಗದ ಬಂದದ್ದು 1966ರ ಚಳಿಗಾಲದಲ್ಲಿ. ಚಿಕ್ಕ ಊರುಗಳಿಗೆ ಶಾಲೆ, ಡಾಕ್ಟರು, ರಸ್ತೆ ಕೊಡುವುದು ಸರ್ಕಾರದ ಕೈಲಾಗುವುದಿಲ್ಲ. ಮೀನಿನ ಕಾರ್ಖಾನೆಯಿರುವ ದೊಡ್ಡ ಊರಿಗೆ ಎಲ್ಲರೂ ಹೊರಟರೆ ಸಹಾಯ ಸಿಗುತ್ತದೆ. ಆದರೆ ನೂರಕ್ಕೆ ತೊಂಬತ್ತು ಮನೆಯವರು ಸಹಿ ಹಾಕಬೇಕು. ನಮ್ಮ ಲೆಕ್ಕ ಸುಲಭದ್ದು. ಹದಿನಾಲ್ಕು ಮನೆ. ಹದಿಮೂರು ಸಹಿ ಬಿದ್ದರೆ ಊರು ಹೋಯಿತು. ಇಬ್ಬರು ಆಗುವುದಿಲ್ಲ ಅಂದರೆ ಊರು ಉಳಿಯಿತು. ಒಬ್ಬರೇ ಅಂದರೆ ಪ್ರಯೋಜನವಿಲ್ಲ.

ನಾನು ಮೊದಲ ದಿನವೇ ಸಹಿಯ ಪರ ನಿಂತವಳು, ಮುಚ್ಚಿಡುವುದೇನಿದೆ? ನನಗೆ ಮೂರು ಮಕ್ಕಳು. ಶಾಲೆಯ ಟೀಚರು ಹೋಗಿ ಒಂದೂವರೆ ವರ್ಷವಾಗಿತ್ತು, ಇನ್ನೊಬ್ಬರು ಬಂದಿರಲಿಲ್ಲ. ಗಂಡನಿಂದ ಸಹಿ ಹಾಕಿಸಿ, ನೇರ ಡ್ರೂ ಅಕ್ಕನ ಮನೆಗೆ ಹೋಗಿ ಬೆಂಚಿನ ಮೇಲೆ ಕೂತು ಹೇಳಿದೆ.

"ಅಕ್ಕ, ನಾವು ಹಾಕ್ಬಿಟ್ವಿ."

ಅವಳು ಹಿಟ್ಟು ನಾದುತ್ತಿದ್ದಳು. "ಹಾಕಿದ್ರಾ? ಹಾಕಿ, ಹಾಕಿ! ನಿನ್ನ ಹೆರಿಗೆಗೆ ಬಂದೋಳು ನಾನು. ಮೂರು ಸಲ! ಮೂರನೇದಕ್ಕೆ ಹಿಮದಲ್ಲಿ ಮಂಡಿ ಮೇಲೆ ತೆವಳ್ಕೊಂಡು ಬಂದಿದ್ದೆ, ಗೊತ್ತಾ? ಎದ್ದು ಹೋಗು ಇಲ್ಲಿಂದ. ಹೋಗು ಅಂದ್ನಲ್ಲ!"

ಒಂದು ವಾರ ನನ್ನ ಮನೆಯ ಮುಂದೆ ಹೋಗುವಾಗಲೆಲ್ಲ ಬೇಕೆಂದೇ ಗಟ್ಟಿಯಾಗಿ ಬೈದುಕೊಂಡು ಹೋದಳು. ಎಂಟನೆಯ ದಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಜೋನಿಬೆಲ್ಲದ ಬ್ರೆಡ್ಡು ಮೇಜಿನ ಮೇಲೆ ಕುಕ್ಕಿದಳು. "ಮಕ್ಕಳಿಗೆ ಇದು. ನಿನಗಲ್ಲ. ನನಗೂ ಮಕ್ಕಳಿದ್ದಿದ್ರೆ ನಾನೂ ಹಾಕ್ತಿದ್ನೇನೋ. ಟೀ ಇದೆಯಾ?" ಅಲ್ಲಿಗೆ ನಮ್ಮ ಜಗಳ ಮುಗಿಯಿತು.

ಚಳಿಗಾಲ ಕಳೆದು, ಮತ್ತೊಂದು ಚಳಿಗಾಲ ಬರುವ ಹೊತ್ತಿಗೆ ಹನ್ನೆರಡು ಸಹಿ ಬಿದ್ದಿದ್ದವು. ಉಳಿದದ್ದು ಎರಡೇ ಮನೆ. ಡ್ರೂ ಅಕ್ಕನದು ಒಂದು. ಇನ್ನೊಂದು ಅವಳ ತಂಗಿ ಎಮಲೈನಳದು.

ಎಲ್ಲರೂ ಎಮ್ಮಿ ಅನ್ನುತ್ತಿದ್ದ ಅವಳು ಡ್ರೂ ಅಕ್ಕನಿಗಿಂತ ಮೂರು ವರ್ಷ ಚಿಕ್ಕವಳು, ಸಣ್ಣ ಆಳು, ಸಣ್ಣ ದನಿ. ಅಮ್ಮ ಬೇಗ ಸತ್ತಿದ್ದರಿಂದ ಡ್ರೂ ಅಕ್ಕನೇ ಅವಳ ತಲೆ ಬಾಚಿ ಬೆಳೆಸಿದವಳು. ಅವಳ ಗಂಡ ಗಾರ್ಲೆಂಡ್ ಕೀಪಿಂಗ್ ಎದೆಯಿಂದ ಬುಸುಬುಸು ಸದ್ದು ಮಾಡುತ್ತಿದ್ದ ಸಾಧು ಮನುಷ್ಯ. ಸಹಿ ಕೂಡಿಸುತ್ತಿದ್ದ ಊರಿನ ಸಮಿತಿಯವರು ಬಂದು ಕೇಳಿದಾಗಲೆಲ್ಲ ಎಮ್ಮಿ "ಅಕ್ಕ ಎಲ್ಲೋ ನಾನೂ ಅಲ್ಲೇ" ಅನ್ನುತ್ತಿದ್ದಳು. ಡ್ರೂ ಅಕ್ಕ ಊರೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದಳು. "ಹನ್ನೆರಡು ಸಹಿ ಇಟ್ಕೊಂಡು ಉಪ್ಪು ಹಾಕಿ ಒಣಗಿಸ್ಕೊಳ್ಳಿ. ನಾವಿಬ್ರು ಇರೋವರೆಗೆ ಈ ಊರು ಎಲ್ಲೂ ಹೋಗಲ್ಲ."

ಆ ಚಳಿಗಾಲದಲ್ಲಿ ಅವಳು ಬರೆದ ಚಿತ್ರವೇ ಈಗ ಮ್ಯೂಸಿಯಮ್ಮಿನಲ್ಲಿರುವುದು. ಊರಿನ ಹದಿನಾಲ್ಕು ಮನೆ, ಹಿಂದೆ ಬಂಡೆ, ಮುಂದೆ ನೀರು. ಆಯಾ ಮನೆಯ ಗೋಡೆಗೆ ಆಯಾ ಮನೆಯವರದೇ ಹಳೆಬಟ್ಟೆ. ನಮ್ಮ ಮನೆಗೆ ನನ್ನ ಗಂಡನ ಕೆಂಪು ಒಳಂಗಿ ಕೊಟ್ಟೆ, ಎಲ್ಲರೂ ನಕ್ಕರು. ಎಮ್ಮಿಯ ಮನೆಗೆ ಅವರಮ್ಮನ ನೀಲಿ ಕೋಟು. ಡ್ರೂ ಅಕ್ಕ ಅದನ್ನು ಮೂವತ್ತೈದು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದವಳು ತಂಗಿಯ ಮನೆಗೆಂದು ಕತ್ತರಿಸಿದಳು. ಚೌಕಟ್ಟನ್ನು ಒಂದೊಂದು ವಾರ ಒಂದೊಂದು ಅಡುಗೆಮನೆಗೆ ಹೊತ್ತುಕೊಂಡು ಹೋಗಿ ಎಳೆಯುತ್ತಿದ್ದೆವು.

ಫೆಬ್ರವರಿ ಕೊನೆಯ ಮಂಗಳವಾರ ಹಡಗು ಬಂತು. ಅದರಲ್ಲಿದ್ದ ಸರ್ಕಾರದವನು ಕಾಲು ಸಡಿಲಿಸಿಕೊಳ್ಳಲು ಎಂಬಂತೆ ಇಳಿದು, ಅರ್ಧ ಗಂಟೆ ಅಡ್ಡಾಡಿ, ಮತ್ತೆ ಹತ್ತಿ ಹೋದ. ಅವನು ಆಗಾಗ ಬರುತ್ತಿದ್ದವನೇ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡ್ರೂ ಅಕ್ಕ ಮಣ್ಣಿಗೆಂದು ಪಾಚಿ ತರಲು ಆಚೆ ದಡಕ್ಕೆ ಹೋಗಿದ್ದಳು. ಅವತ್ತು ಸಂಜೆ ಅವಳ ಅಡುಗೆಮನೆಯಲ್ಲಿ ನಾವು ಮೂವರು ಕೂತು ಹಾಸು ಎಳೆದೆವು. ಎಮ್ಮಿ ತನ್ನ ಮನೆಯ ನೀಲಿ ಗೋಡೆಯನ್ನು ತಾನೇ ಮುಗಿಸಿದಳು.

"ಈ ಸಲ ಆಲೂಗಡ್ಡೆ ಎರಡು ಸಾಲು ಜಾಸ್ತಿ ಹಾಕೋಣ ಎಮ್ಮಿ," ಅಂದಳು ಡ್ರೂ ಅಕ್ಕ. "ಗಾರ್ಲೆಂಡ್‌ಗೆ ಬಗ್ಗೋಕಾಗಲ್ಲ, ನಿಮ್ಮನೇದೂ ನಾನೇ ಹಾಕ್ತೀನಿ."

"ಹೂಂ ಅಕ್ಕ. ನಾವಿಬ್ರಲ್ದೆ ಇನ್ಯಾರಿದ್ದಾರೆ," ಅಂದಳು ಎಮ್ಮಿ. ನನ್ನ ಕಿವಿಯಾರೆ ಕೇಳಿದ್ದೇನೆ. ಟೀ ಎರಡು ಲೋಟ ಕುಡಿದಳು.

ಮರುದಿನ ಬುಧವಾರ ಚೌಕಟ್ಟು ಎಮ್ಮಿಯ ಮನೆಗೆ ಹೋಗುವ ಸರದಿ. ಮುಂದಿನ ತುದಿ ಡ್ರೂ ಅಕ್ಕ, ಹಿಂದಿನದು ನಾನು. ಅವಳು ಮೊಣಕೈಯಿಂದ ಬಾಗಿಲು ತಳ್ಳಿ ಒಂದು ಹೆಜ್ಜೆ ಒಳಗಿಟ್ಟವಳು ನಿಂತುಬಿಟ್ಟಳು. ಚೌಕಟ್ಟಿನ ತುದಿ ನನ್ನ ಹೊಟ್ಟೆಗೆ ಬಡಿಯಿತು. "ಏನಕ್ಕ, ಹೋಗೇ ಮುಂದೆ" ಅಂದೆ. ಅವಳು ಹೋಗಲಿಲ್ಲ. ಅವಳ ತೋಳಿನ ಸಂದಿಯಿಂದ ನೋಡಿದೆ.

ಅಡುಗೆಮನೆಯ ನಡುವೆ ಎಮ್ಮಿಯ ಹಾಸು ಅಂಗಾತವಾಗಿತ್ತು. ಡ್ರೂ ಅಕ್ಕ ಅವಳ ಮದುವೆಗೆಂದು ಬರೆದುಕೊಟ್ಟ ಗುಲಾಬಿಗಳು ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಸೂರು ನೋಡುತ್ತ ಬಿದ್ದಿದ್ದವು. ಎಮ್ಮಿ ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು. ನಮ್ಮನ್ನು ನೋಡಿದಳು, ಆಮೇಲೆ ನಮ್ಮ ಕಣ್ಣು ಎಲ್ಲಿದೆ ಎಂದು ನೋಡಿದಳು. ಮುಖ ಹಿಟ್ಟಿನಂತೆ ಬಿಳಿಚಿತು.

"ಯಾರ್ ಬಂದಿದ್ರು ಎಮ್ಮಿ?"

"ಯಾರೂ ಇಲ್ವಲ್ಲಕ್ಕ."

"ಪಾದ್ರಿ ಬಂದಿದ್ರಾ?"

"ಇಲ್ಲ... ನೆಲ ತಿಕ್ಕಿದ್ದೆ, ಹಾಗೇ..."

ನೆಲ ತಿಕ್ಕಿರಲಿಲ್ಲ. ಬಾಗಿಲ ಬಳಿ ಒಣಗಿದ ಉಪ್ಪಿನ ಗುರುತು ಹಾಗೇ ಇತ್ತು, ನಮ್ಮಲ್ಲಿ ಯಾರೂ ಹಾಕದ ಚೂಪುಮೂತಿಯ ಶೂಗಳದು. ಡ್ರೂ ಅಕ್ಕ ಕಿರುಚಲಿಲ್ಲ. ಚೌಕಟ್ಟನ್ನು ಗೋಡೆಗೆ ಒರಗಿಸಿದಳು. ಬಗ್ಗಿ ಆ ಹಾಸನ್ನು ಬೋರಲು ಮಾಡಿದಳು, ಅಂಚು ಕೈಯಿಂದ ಸವರಿ ನೇರ ಮಾಡಿದಳು. "ಚೌಕಟ್ಟು ಇಲ್ಲಿರೋದು... ಇಲ್ಲಿರೋದು ಬೇಡ ಹಿಲ್ಡಾ. ಇವಳ ಮನೇಲಿ ಬೇಡ. ನಿಮ್ಮನೆಗೆ ಹೋಗೋಣ ನಡಿ" ಅಂದಳು. ಮಾತು ತಡವರಿಸಿದ್ದು ಅಷ್ಟೇ. ಮತ್ತೆ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದೆವು.

ಎರಡು ವಾರಕ್ಕೆ ಸಮಿತಿಯವರು ಹೇಳಿದರು, ಹದಿಮೂರು ಆಯಿತು. ಗಾರ್ಲೆಂಡ್ ಅಂಗಡಿಯಲ್ಲಿ ನೆಲ ನೋಡಿಕೊಂಡು, "ಸಹಿ ಹಾಕಿದ್ದು ನಾನೇ. ಪೆನ್ನು ತಂದುಕೊಟ್ಟಿದ್ದು ಅವಳು" ಅಂದ. ಅವನ ಎದೆಯ ಕಾಯಿಲೆಗೆ ಡಾಕ್ಟರು ಆರು ಗಂಟೆಯ ದೋಣಿಯ ದೂರದಲ್ಲಿದ್ದರು. ಎಮ್ಮಿ ಪ್ರತಿ ರಾತ್ರಿ ಅವನ ಉಸಿರು ಎಣಿಸಿಕೊಂಡೇ ಮಲಗುತ್ತಿದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಅಂಥ ಕಾರಣಕ್ಕೆ ಬೈಯಲು ನನಗೂ ಬಾಯಿ ಬರಲಿಲ್ಲ.

ಮೇ ತಿಂಗಳಲ್ಲಿ, ಎಲ್ಲರೂ ಸಾಮಾನು ಕಟ್ಟುತ್ತಿದ್ದಾಗ, ಡ್ರೂ ಅಕ್ಕ ಆಲೂಗಡ್ಡೆ ನೆಟ್ಟಳು. ನನ್ನ ಗಂಡ "ಜೂನಲ್ಲಿ ಹೊರಡೋದಲ್ವಾ?" ಅಂದದ್ದಕ್ಕೆ ಸನಿಕೆ ಎತ್ತಿ ತೋರಿಸಿದಳು, ಅವನು ತೆಪ್ಪಗಾದ. ಜೂನಿನಲ್ಲಿ ಅವಳ ಮನೆಗೆ ಖಾಲಿ ಪೀಪಾಯಿಗಳನ್ನು ಕಟ್ಟಿ, ಮರದ ದಿಮ್ಮಿಗಳ ಮೇಲೆ ಎಳೆದು ನೀರಿಗಿಳಿಸಿದೆವು. ಊರಿನವರೆಲ್ಲ ಹಗ್ಗ ಹಿಡಿದಿದ್ದರು. ಎಮ್ಮಿಯೂ ಬಂದು ಸಾಲಿನ ಕೊನೆಯಲ್ಲಿ ಹಿಡಿದಳು. ಡ್ರೂ ಅಕ್ಕ ತನ್ನ ಕೈಯಲ್ಲಿದ್ದ ಹಗ್ಗ ಬಿಟ್ಟು, ಬಂಡೆಯ ಮೇಲೆ ಹೋಗಿ ಬೆನ್ನು ತಿರುಗಿಸಿ ಕೂತಳು. ಎಲೈ ಕಟ್ಟಿದ ಮನೆ ಪರದೆ ಸಮೇತ ತೇಲಿಕೊಂಡು ಹೋಯಿತು. ಅಕ್ಟೋಬರಿನಲ್ಲಿ ನನ್ನ ಗಂಡ ಅವಳನ್ನು ದೋಣಿಯಲ್ಲಿ ಹಿಂದಕ್ಕೆ ಕರೆದುಕೊಂಡು ಹೋಗಿ ಆರು ಮೂಟೆ ಆಲೂಗಡ್ಡೆ ಅಗೆಸಿಕೊಂಡು ಬಂದ. ಎರಡು ಮೂಟೆ ನಮಗೆ ಕೊಟ್ಟಳು. ಎಮ್ಮಿಯ ಮನೆಗೆ ಒಂದು ಗಡ್ಡೆಯೂ ಹೋಗಲಿಲ್ಲ.

ಹಾಸನ್ನು ನಮ್ಮ ಮನೆಯಲ್ಲೇ ಮುಗಿಸಿದ್ದೆವು. ನೀಲಿ ಗೋಡೆಯ ಮನೆ ಹಾಗೇ ಇತ್ತು. ಒಂದು ತುದಿ ಹಿಡಿದು ಜಗ್ಗಿದರೆ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತಿತ್ತು. "ತೆಗೀತೀಯಾ ಅಕ್ಕ?" ಎಂದು ಕೇಳಿದೆ. "ಹಾಸಲ್ಲಿ ತೂತು ಇಟ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?" ಅಂದಳು.

ಹೊಸ ಊರಿನಲ್ಲಿ ಸರ್ಕಾರ ಕೊಟ್ಟ ಜಾಗ ಜೌಗು. ಡ್ರೂ ಅಕ್ಕನ ಮನೆಯಿಂದ ಎಮ್ಮಿಯ ಮನೆಗೆ ಆರೇ ಬಾಗಿಲು. ಮೊದಲ ಶುಕ್ರವಾರ ಎಮ್ಮಿ ಬ್ರೆಡ್ಡು ಹಿಡಿದುಕೊಂಡು ಬಂದಳು, ಹಳೆಯ ಅಭ್ಯಾಸದಂತೆ ಬಾಗಿಲು ತಟ್ಟದೆ. ನಾನು ಅಲ್ಲೇ ಕೂತಿದ್ದೆ. ಡ್ರೂ ಅಕ್ಕ ಎದ್ದು, ನಿಧಾನವಾಗಿ ಬಗ್ಗಿ, ನಮ್ಮ ಕಾಲ ಕೆಳಗಿನ ಹಾಸನ್ನು ಎಳೆದು ಅಂಗಾತ ಮಾಡಿದಳು. ಹದಿನಾಲ್ಕು ಮನೆಗಳೂ ಮೇಲೆ ಬಂದವು. ಆಮೇಲೆ ಪಾದ್ರಿಗೆಂದು ಇಟ್ಟಿದ್ದ ಚಿನ್ನದಂಚಿನ ಕಪ್ಪು ತೆಗೆದಳು. "ಕೂತ್ಕೊಳ್ಳಿ. ಹಾಲು ಎಷ್ಟು ಹಾಕ್ಲಿ?"

ಇಪ್ಪತ್ತು ವರ್ಷ ಆ ಟೀಗೆ ಹಾಲು ಹಾಕಿದವಳು ಕೇಳಿದ ಪ್ರಶ್ನೆ ಅದು!

"ಅಕ್ಕ, ನನಗ್ಯಾಕೆ ಇದೆಲ್ಲ? ನಾನೇನು ಹೊರಗಿನವಳಾ?"

"ಮನೆಗೆ ಬಂದವರಿಗೆ ಮರ್ಯಾದೆ ಮಾಡೋದು ಬೇಡ್ವಾ?"

ಎಮ್ಮಿ ಎದ್ದುಹೋದ ಕೂಡಲೇ ಹಾಸು ಮತ್ತೆ ಬೋರಲು. ಮುಂದಿನ ಶುಕ್ರವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಬೈದಿದ್ದರೆ ಎಮ್ಮಿ ಸಹಿಸಿಕೊಳ್ಳುತ್ತಿದ್ದಳು. ಇದು ಅವಳನ್ನು ಒಳಗಿಂದ ತಿಂದಿತು. ಕೆಲವು ತಿಂಗಳಾದ ಮೇಲೆ ಅವಳು ಶುಕ್ರವಾರ ಬರುವುದನ್ನು ನಿಲ್ಲಿಸಿ ಭಾನುವಾರ ಬರತೊಡಗಿದಳು. ನನಗೆ ಅರ್ಥವಾಗಲು ಎರಡು ವಾರ ಬೇಕಾಯಿತು. ಭಾನುವಾರ ಎಲ್ಲರ ಮನೆಯಲ್ಲೂ ಹಾಸು ಅಂಗಾತವೇ ಇರುತ್ತದೆ. ತನಗಾಗಿ ಮಗುಚಿದ್ದೋ, ವಾರಕ್ಕಾಗಿ ಮಗುಚಿದ್ದೋ ಅವಳು ನೋಡಬೇಕಾಗಿರಲಿಲ್ಲ. ಹದಿನಾರು ವರ್ಷ ಹಾಗೇ ಬಂದಳು, ಭಾನುವಾರ ಮಾತ್ರ. ಗಾರ್ಲೆಂಡ್ ಹೊಸ ಊರಿನ ಡಾಕ್ಟರ ಕೈಯಲ್ಲಿ ಒಂಬತ್ತು ವರ್ಷ ಬದುಕಿದ. ಅವನು ಸತ್ತ ದಿನವೂ ಡ್ರೂ ಅಕ್ಕ ಹೋಗಿ, ಅಡುಗೆ ಮಾಡಿ, ಪಾತ್ರೆ ತೊಳೆದು, ನೆರೆಯವಳೊಬ್ಬಳು ಹೇಳುವ ಹಾಗೆ ಎರಡು ಮಾತು ಹೇಳಿ ಬಂದಳು.

ಒಂದು ಸಲ ನನಗೆ ತಡೆಯಲಾಗಲಿಲ್ಲ. "ಸಾಕು ಮಾಡು ಅಕ್ಕ. ನಾನೂ ಸಹಿ ಹಾಕಿಸಿದವಳೇ ಅಲ್ವಾ? ನನಗೆ ಬೋರಲು ಹಾಸು, ಅವಳಿಗೆ ಮಾತ್ರ ಯಾಕೆ ಹೀಗೆ?"

"ನೀನು ಬಂದು ಹೇಳ್ದೆ," ಅಂದಳು. "ಅವಳೂ ಬಂದು, ಅಕ್ಕ, ಗಾರ್ಲೆಂಡ್ ಸಾಯ್ತಾನೆ, ನನಗೆ ಭಯ ಆಗ್ತಿದೆ ಅಂದಿದ್ರೆ ಏನ್ ಮಾಡ್ತಿದ್ದೆ ನಾನು? ಒಂದು ವಾರ ಕಿರುಚಾಡ್ತಿದ್ದೆ. ಎಂಟನೇ ದಿನ ನಾನೇ ಪೆನ್ನು ಹುಡುಕಿ ಕೊಡ್ತಿದ್ದೆ. ಊರು ಹೋಗಿದ್ದಕ್ಕಲ್ಲ ಕಣೆ ಹಿಲ್ಡಾ. ಮಧ್ಯಾಹ್ನ ಆ ಸರ್ಕಾರದವನಿಗೆ ಹಾಸು ಮಗುಚಿ ಹಾಕಿ, ಸಂಜೆ ಬಂದು ನನ್ನ ಜೊತೆ ಅಮ್ಮನ ಕೋಟು ಎಳೀತಾ ಕೂತಿದ್ಲಲ್ಲ. ನಾವಿಬ್ರಲ್ದೆ ಇನ್ಯಾರಿದ್ದಾರೆ ಅಂದ್ಲಲ್ಲ. ನಾನು ಹೆತ್ತಿಲ್ಲ, ಅವಳನ್ನ ಸಾಕಿದ್ದೆ." ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

1983ರಲ್ಲಿ ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಕೊನೆಯ ವಾರ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದಳು, "ನನ್ನ ಹೆಣದ ಪೆಟ್ಟಿಗೆ ಅಡುಗೆಮನೇಲೇ ಇಡ್ತಾರೆ. ಎಮ್ಮಿ ಬಂದು ಹೋಗೋವರೆಗೆ ಹಾಸು ಅಂಗಾತ ಇರ್ಬೇಕು. ಅವಳು ಮುಟ್ಟಿ ಮಗುಚಿದ್ರೆ ಮತ್ತೆ ಅಂಗಾತ ಮಾಡು. ಬೇರೆ ಯಾರಿಗೂ ಹೇಳಲ್ಲ ನಾನು. ನೀನು ಎದುರಿಗೆ ಆಡೋಳು, ಅದಕ್ಕೇ ನಿನಗೆ ಹೇಳ್ತಿದೀನಿ. ಮಾತು ಕೊಡು." ಕೊಟ್ಟೆ. ಹಾಸೂ ನನಗೇ ಎಂದಳು.

ಮಣ್ಣು ಮಾಡುವ ದಿನ ಗುರುವಾರ. ಪಾದ್ರಿ ಬರುವವರಿದ್ದುದರಿಂದ ಹಾಸು ಅಂಗಾತವಿದ್ದದ್ದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಪೆಟ್ಟಿಗೆ ಎರಡು ಕುರ್ಚಿಗಳ ಮೇಲಿತ್ತು, ಮುಚ್ಚಳ ತೆರೆದಿತ್ತು. ಎಮ್ಮಿ ಕೊನೆಗೆ ಬಂದಳು. ಐವತ್ತೊಂಬತ್ತಕ್ಕೇ ಅವಳ ಮಂಡಿಗಳು ಹೋಗಿದ್ದವು, ಕೋಲು ಹಿಡಿದಿದ್ದಳು. ಅಕ್ಕನ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ ಕೋಲು ಬಿಟ್ಟು ಒಂದೊಂದೇ ಮಂಡಿ ಊರಿ ಕೂತಳು. ಪ್ರಾರ್ಥನೆ ಮಾಡುತ್ತಾಳೆಂದು ಪಾದ್ರಿ ತಲೆ ತಗ್ಗಿಸಿದರು. ಅವಳು ಹಾಸಿನ ಮೂಲೆ ಹಿಡಿದು, ಏದುಸಿರು ಬಿಡುತ್ತ, ಅದನ್ನು ಮಗುಚಿ ಬೋರಲು ಹಾಕಿದಳು. ಬೆನ್ನಿನಲ್ಲೂ ಅದೇ ಊರು ಇತ್ತು, ಎಡ ಬಲ ಅದಲುಬದಲಾಗಿ, ಹದಿನಾರು ವರ್ಷದ ಕೊಳೆ ಕೂತು ಮಂಕಾಗಿ. ನೀಲಿ ಮನೆ ಎಲ್ಲಿದೆಯೆಂದು ಬೆರಳಿನಿಂದ ಹುಡುಕಿದಳು.

"ಹಿಲ್ಡಾ, ಹೀಗೇ ಇರ್ಲಿ ಕಣೆ," ಅಂದಳು. "ಇವತ್ತೊಂದಿನ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಗ್ಗಿ ಅದನ್ನು ತಿರುಗಿಸಲು ನನಗೆ ಒಂದು ಗಳಿಗೆ ಸಾಕಾಗಿತ್ತು. ನಾನು ಬಗ್ಗಲಿಲ್ಲ. ಎಮ್ಮಿಯ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಬೆಂಚಿನ ಮೇಲೆ ಕೂರಿಸಿ, ದಿನಬಳಕೆಯ ಕಪ್ಪಿನಲ್ಲಿ ಅವಳಿಗೆ ಟೀ ಕೊಟ್ಟೆ. ಪೆಟ್ಟಿಗೆ ಎತ್ತುವವರು ಆ ಬೋರಲು ಹಾಸಿನ ಮೇಲೆ ಕಾಲಿಟ್ಟೇ ಹೊರಗೆ ಹೋದರು.

ಈಗ ಈ ಕಾರ್ಡಿನ ಮೇಲೆ ಏನು ಬರೆಯಲಿ? ಒಮ್ಮತ ಅನ್ನುವುದನ್ನು ಹೊಡೆದುಹಾಕಿದ್ದೇನೆ, ಡ್ರುಸಿಲಾ ಡರ್ನ್‌ಫರ್ಡ್ ಎಂದು ಬರೆದಿದ್ದೇನೆ. ಉಳಿದದ್ದು ಕಾರ್ಡಿನಲ್ಲಿ ಹಿಡಿಯುವುದಿಲ್ಲ. ನಾನು ಡ್ರೂ ಅಕ್ಕನ ವಿರುದ್ಧ ಎರಡು ಸಲ ನಿಂತೆ. ಮೊದಲನೆಯ ಸಲ ಅವಳ ಅಡುಗೆಮನೆಗೆ ಹೋಗಿ, ಅವಳ ಮುಖ ನೋಡಿ ಹೇಳಿದೆ, ಅವಳು ಎಂಟನೆಯ ದಿನ ಬ್ರೆಡ್ಡು ತಂದಳು. ಎರಡನೆಯ ಸಲ ಅದೇ ಅಡುಗೆಮನೆಯಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದಳು, ಕೊಟ್ಟ ಮಾತು ಮುರಿಯುತ್ತಿದ್ದೇನೆಂದು ನಾನು ಹೇಳಲಿಲ್ಲ.